ಕಣ್ಣು ಮುಚ್ಚಿ ಆರಿಸಿದ್ದು

ಕಂಪ್ಯೂಟರ್ ಅಂಗಡಿಗೆ ಬಂದ ದಂಪತಿ ಸುಟ್ಟುಹೋದ ಗ್ರಾಫಿಕ್ಸ್ ಕಾರ್ಡೊಂದನ್ನು ಟವೆಲಿನಲ್ಲಿ ಸುತ್ತಿ ತಂದಿದ್ದರು. ಹೆಂಡತಿ ಸ್ಟೂಲಿನ ಮೇಲೆ ಕೂತು ಕಣ್ಣು ಮುಚ್ಚಿಕೊಂಡರು.

“ಮಗನ ಗೇಮಿಂಗ್ ಪಿಸಿದು. ಹಗಲೂ ರಾತ್ರಿ ಓಡಿ ಸುಟ್ಟುಹೋಯ್ತು. ಹತ್ತು ಸಾವಿರದೊಳಗೆ ಇನ್ನೊಂದು ಕೊಡಿ,” ಎಂದರು ಗಂಡ.

“ಯಾವ ಗೇಮ್ ಆಡ್ತಾನೆ ಸರ್?”

“ಯಾವುದೋ ಗುಂಡು ಹಾರಿಸೋದು. ಮೊದಲು ಹಾಕಿ ತೋರಿಸಿ.”

ಅಂಗಡಿಯವನು ಹೊಸ ಕಾರ್ಡೊಂದನ್ನು ತನ್ನ ಕಂಪ್ಯೂಟರಿಗೆ ಸಿಕ್ಕಿಸಿದ. ಪರದೆಯ ಮೇಲೆ ಕಾಡು, ನದಿ, ಏಳು ಸುತ್ತಿನ ಕೋಟೆ ಬೆಳಗಿದವು. ಗಂಡ ಅತ್ತ ನೋಡಲೇ ಇಲ್ಲ. ಹೆಂಡತಿಯ ಮುಖ ನೋಡಿದರು. ಆಕೆ ಕಣ್ಣು ಮುಚ್ಚಿಕೊಂಡೇ ಬೇಡವೆಂದು ತಲೆಯಾಡಿಸಿದರು. ಇನ್ನೆರಡು ಕಾರ್ಡುಗಳಿಗೂ ಹಾಗೇ ಆಯಿತು.

“ಅಮ್ಮ, ಒಂದ್ಸಲ ಪಿಕ್ಚರ್ ನೋಡಿ. ಕಣ್ಣು ಮುಚ್ಕೊಂಡು ಬೇಡ ಅಂದ್ರೆ ನಾನೇನು ಮಾಡ್ಲಿ?” ಅಂಗಡಿಯವನು ನಕ್ಕ.

ಕೊನೆಗೆ ಮೂಲೆಯಲ್ಲಿದ್ದ ಸೆಕೆಂಡ್ ಹ್ಯಾಂಡ್ ಕಾರ್ಡನ್ನು ಸಿಕ್ಕಿಸಿದ. ಅದರ ಫ್ಯಾನು ಗೊರಗೊರ ಎಂದು ತಿರುಗಿತು. ಹೆಂಡತಿಯ ಮುಚ್ಚಿದ ಕಣ್ಣಿಂದ ನೀರಿಳಿಯಿತು.

“ಇದೇ ಇರಲಿ,” ಎಂದರು ಗಂಡ.

“ಬೇಡ ಸರ್. ರಾತ್ರಿಯೆಲ್ಲ ಹೀಗೇ ಗೊರಗುಟ್ಟುತ್ತೆ, ಪಕ್ಕದ ರೂಮಲ್ಲಿ ಯಾರೂ ಮಲಗೋಕಾಗಲ್ಲ. ನಿಮ್ಮ ಮಗನೇ ವಾಪಸ್ ತಂದುಕೊಡ್ತಾನೆ ನೋಡಿ.”

“ಅವನು ತೀರ್ಕೊಂಡು ನಾಲ್ಕು ತಿಂಗಳಾಯ್ತಪ್ಪ. ಆ ರೂಮಿಂದ ಈ ಸದ್ದು ಬಂದ್ರೇನೇ ಇವಳಿಗೆ ನಿದ್ದೆ.”