ಹಡಗು ಹತ್ತುವ ಊರು

ಉತ್ತರದ ಹಿಮಸಾಗರದ ದ್ವೀಪಗಳ ಬಗ್ಗೆ ಪದ್ಮರಾಜಯ್ಯನವರು ಬರೆದ ಪ್ರವಾಸ ಕಥನ ಮೂರನೇ ಮುದ್ರಣ ಕಂಡದ್ದೇ ತಡ, ಓದುಗರ ಬಳಗದ ಹದಿನಾಲ್ಕು ಮಂದಿ ಅಲ್ಲಿಗೇ ಹೊರಟು ನಿಂತರು. ದಾರಿ ತೋರಿಸಲು ಅವರೇ ಬರಬೇಕೆಂದು ಹಟ.

"ಯಾರೂ ಹೋಗದ ಜಾಗಮ್ಮ ಅದು. ಮೂಳೆ ಕೊರೆಯೋ ಚಳಿ," ಎಂದು ಹೆದರಿಸಿ ನೋಡಿದರು.

"ಯಾರೂ ಹೋಗಲ್ಲ ಅಂತಾನೇ ಸಾರ್ ನಾವು ಹೊರಟಿರೋದು!" ಎಂದರು ಬಳಗದ ಸುಲೋಚನಮ್ಮ. "ಸ್ವೆಟರ್ ಹೆಣೆದಾಗಿದೆ. ನಿಮಗೆ ಬಿಸಿ ಹಾಲು ಕೊಟ್ಟ ಆ ದ್ವೀಪದ ಅಜ್ಜಿಗೆ ಅಂತ ರವಿಕೆ ಕಣಾನೂ ತಗೊಂಡಿದೀವಿ. ಹಡಗು ಯಾವ ಊರಲ್ಲಿ ಹತ್ತೋದು, ಅದೊಂದು ಹೇಳ್ಬಿಡಿ. ಟಿಕೆಟ್ ಮಾಡ್ಸೋರು ದಿನಾ ಟ್ರಂಕ್ ಕಾಲ್ ಮಾಡಿ ಕೇಳ್ತಿದಾರೆ."

ಮಂಡಿನೋವು ಎಂದರೆ ಮೂರು ಬಗೆಯ ಎಣ್ಣೆ ಬಂತು. ಊರಲ್ಲಿಲ್ಲ ಎಂದು ಹೇಳಿ ಕಳಿಸಿದರೆ, ಬರುವವರೆಗೂ ಕಾಯುತ್ತೇವೆಂದು ಜಗಲಿಯ ಮೇಲೇ ಕೂತರು.

ಕೊನೆಗೆ ಪದ್ಮರಾಜಯ್ಯ ಹಿತ್ತಲ ಬಾಗಿಲಿಂದ ಹೊರಬಿದ್ದು, ಆ ದ್ವೀಪಗಳ ಬಗ್ಗೆ ಕನ್ನಡದಲ್ಲಿ ಮೊದಲು ಬರೆದ ವಾಮನಮೂರ್ತಿಗಳ ಮನೆಗೆ ಹೋಗಿ ಕಾಲಿಗೆ ಬಿದ್ದರು.

"ತಪ್ಪಾಯ್ತು ಗುರುಗಳೇ. ನಾನು ಮಂಗಳೂರು ಬಂದರಿಂದಾಚೆ ಹೋದೋನೇ ಅಲ್ಲ. ನಿಮ್ಮ ಪುಸ್ತಕ ಮುಂದಿಟ್ಕೊಂಡು ಬರ್ದೆ. ಹಡಗು ಎಲ್ಲಿ ಹತ್ತೋದು ಅಂತ ಹೇಳಿ ಮಾನ ಉಳಿಸಿ."

ಮುದುಕರು ಎದ್ದು ಹೋಗಿ ಬಾಗಿಲ ಚಿಲಕ ಹಾಕಿ ಬಂದರು.

"ಅಯ್ಯೋ ಪುಣ್ಯಾತ್ಮ, ನಿನ್ನ ಪುಸ್ತಕ ಓದಿದ ಮೇಲೇ ಕಣಯ್ಯಾ ನಂಗೆ ನಂಬಿಕೆ ಬಂದಿದ್ದು, ಅಂಥ ದ್ವೀಪಗಳು ನಿಜವಾಗ್ಲೂ ಇವೆ ಅಂತ!"