ಮಾತು ನಿಂತರೆ ಎತ್ತು ಹೊಡಿ

ಕಂದೀಲು ಹಗೇವಿನ ಅರ್ಧಕ್ಕೆ ಇಳಿಯುವ ಮೊದಲೇ ಆರಿಹೋಯಿತು.

“ನೋಡ್ರಿ, ಒಳಗ ಹವಾ ಕೆಟ್ಟದ,” ಎಂದಳು ಸುಂದರಬಾಯಿ, ಹುರಿಗೆ ಕಟ್ಟಿದ ಕಂದೀಲನ್ನು ಮೇಲೆಳೆಯುತ್ತ. “ಇವತ್ತ ಬಾಯಿ ತೆರದು ಬಿಡ್ರಿ. ನಾಳಿಗಿ ಮತ್ತ ದೀಪ ಬಿಟ್ಟು ನೋಡಿ ಇಳದ್ರಾತು.”

“ದೀಪ ಗಾಳಿಗೆ ಆರ್ತದ, ಹುಚ್ಚಿ,” ಎಂದ ಗಂಡ ಮಹಾರುದ್ರಪ್ಪ, ಧೋತರ ಮೇಲೆತ್ತಿ ಕಟ್ಟುತ್ತ. “ಈ ಮೋರಖಂಡಿ ಊರಾಗ ನಾ ಇಳೀದ ಹಗೇವು ಯಾವುದದ? ನನ್ನ ಉಸರಿಗೆ ಹೆದರಿ ಕೆಟ್ಟ ಹವಾನೇ ಊರು ಬಿಟ್ಟು ಓಡ್ತದ.”

ಜೋಳ ತುಂಬಿಡುವ ನೆಲಕುಣಿ ಎಲ್ಲರ ಅಂಗಳದಲ್ಲೂ ಇರಬಹುದು. ಆದರೆ ಈ ಹಗೇವು ಅಂಥಿಂಥದ್ದಲ್ಲ. ಬಾಯಿ ಒಬ್ಬ ಮನುಷ್ಯ ಹಿಡಿಯುವಷ್ಟು, ಹೊಟ್ಟೆ ಬಸವಕಲ್ಯಾಣದ ಕೋಟೆ ಹಿಡಿಯುವಷ್ಟು. ಬೆಳಿಗ್ಗೆ ಕಲ್ಲು ಹಾಕಿದರೆ ಮಧ್ಯಾಹ್ನ ಉಣ್ಣಲು ಕೂತಾಗ ಸದ್ದು ಕೇಳುತ್ತಿತ್ತು. ಎಂಟು ತಿಂಗಳಿಂದ ಮುಚ್ಚಿದ್ದ ಅದನ್ನು ಈಗಷ್ಟೇ ತೆರೆದಿದ್ದರು. ಮಗಳ ಮದುವೆಗೆಂದು ಎರಡು ಚೀಲ ಜೋಳ ಕೇಳಲು ಗಾಡಿ ಹೊಡೆದುಕೊಂಡು ಬಂದ ನೆರೆಮನೆಯ ಪಂಡರಿ ಎದುರಿಗೇ ನಿಂತಿದ್ದ. ಅವನ ಮುಂದೆ ಹೆಂಡತಿಯ ಮಾತಿಗೆ ತಲೆಯಾಡಿಸಿ ‘ನಾಳೆ ಬಾ’ ಎನ್ನುವುದು ಮಹಾರುದ್ರಪ್ಪನ ಏಳು ತಲೆಮಾರಿನ ಜಾತಕದಲ್ಲೇ ಇರಲಿಲ್ಲ.

ಸುಂದರಬಾಯಿ ಕಂದೀಲು ಕೆಳಗಿಟ್ಟಳು. ಒಳಗೆ ಹೋಗಿ ಗೂಟದಿಂದ ಹಗ್ಗ ತಂದಳು. ಹನ್ನೊಂದು ವರ್ಷದಿಂದ ಆ ಹಗ್ಗಕ್ಕೆ ಕೊಡ ಕಟ್ಟಲಿಕ್ಕೂ ಅರಿವೆ ಒಣಹಾಕಲಿಕ್ಕೂ ಆಕೆ ಯಾರನ್ನೂ ಬಿಟ್ಟಿರಲಿಲ್ಲ. ಆ ವರ್ಷ ತವರೂರು ಮುಡಬಿಯಲ್ಲಿ ಆಕೆಯ ಸೋದರಮಾವ ಹಗೇವಿಗೆ ಇಳಿದಿದ್ದ. ಅವನನ್ನು ಎತ್ತಲು ಇಳಿದ ಆಕೆಯ ತಮ್ಮನೂ ಮೇಲೆ ಬರಲಿಲ್ಲ. ಅದನ್ನು ಆಕೆ ಯಾರಿಗೂ ಹೇಳುತ್ತಿರಲಿಲ್ಲ. ಹಗ್ಗ ಕಾಯುತ್ತಿದ್ದಳು, ಅಷ್ಟೇ. ಈಗ ಗಂಡನ ಕಂಕುಳ ಕೆಳಗೆ ಎರಡು ಸುತ್ತು ಬಿಗಿದಳು. ಗಾಡಿಯಿಂದ ಬಿಡಿಸಿದ ಎತ್ತುಗಳ ನೊಗಕ್ಕೆ ಇನ್ನೊಂದು ತುದಿ ಕಟ್ಟಿದಳು.

“ನಾನೇನ ಸಂತಿಗೆ ಒಯ್ಯೋ ಹೋರಿ ಏನ?”

“ಹೋರಿ ಹೇಳಿದ ಮಾತರೆ ಕೇಳ್ತದರಿ. ಇಳೀತೀರಂದ್ರ ಒಂದ ಕರಾರು. ಒಳಗ ಇರೋತನ ಬಾಯಿ ಮುಚ್ಚಬ್ಯಾಡ್ರಿ, ಮಾತಾಡಕೋತನೇ ಇರ್ರಿ.” ಆಮೇಲೆ ಆಕೆ ಪಂಡರಿಯ ಕಡೆ ತಿರುಗಿದಳು. “ಇವರ ಮಾತು ನಿಂತರ ನನ್ನ ಕೇಳಬ್ಯಾಡಪಾ, ಎತ್ತು ಹೊಡಿ.”

“ಹಂಗಾರ ವೈನಿ, ನನ್ನ ಎತ್ತು ಇಲ್ಲೇ ನಿಂತು ಮುಪ್ಪಾಗ್ತಾವ,” ಎಂದು ಪಂಡರಿ ನಕ್ಕ.

ಮಹಾರುದ್ರಪ್ಪ ಇಳಿದ. ಇಳಿಯುತ್ತಲೇ ಲಾರಿಯ ಕಥೆ ತೆಗೆದ. ಸುಂದರಬಾಯಿ ಅದನ್ನು ಕಡಿಮೆ ಅಂದರೂ ನಾಲ್ಕು ಸಾವಿರ ಸಲ ಕೇಳಿದ್ದಳು. ‘ಹುಮನಾಬಾದ’ ಅಂದಕೂಡಲೆ ಎದ್ದು ಅಡುಗೆಮನೆಗೆ ಹೋಗುವುದು ರೂಢಿ. ಇವತ್ತು ಹಗೇವಿನ ಬಾಯಿಗೆ ಕಿವಿಯಿಟ್ಟು ಕೂತಳು.

“ಹುಮನಾಬಾದ ಇಳಿಜಾರಿನ್ಯಾಗ ತೊಗರಿ ಲಾರಿ ಬ್ರೇಕ್ ಹೋತು, ಪಂಡರೀ! ನಾ ಮುಂದ ನಿಂತು ಎದಿ ಕೊಟ್ಟೆ! ಲಾರಿ ಹಿಂದಕ ಸರೀತು! ಡ್ರೈವರ ಇಳದು ಬಂದು ನನ್ನ ಕಾಲ ಹಿಡದು ಏನಂದ ಗೊತ್ತದೇನು? ಡ್ರೈವರ ಅಂದ...”

ಡ್ರೈವರ ಅಂದದ್ದು ಮೇಲೆ ಬರಲಿಲ್ಲ. ಆ ಮೌನಕ್ಕೆ ಮೂರು ಹರದಾರಿ ಸುತ್ತಳತೆಯಲ್ಲಿ ಕಾಗೆಗಳೂ ಕೂಗು ನಿಲ್ಲಿಸಿದವು.

“ಅಣ್ಣಾ!” ಪಂಡರಿ ಬಾರುಕೋಲು ಎಸೆದು ಓಡಿಬಂದ. ಒಂದು ಕಾಲು ಹಗೇವಿನೊಳಗೆ ಇಟ್ಟೇಬಿಟ್ಟ. ಸುಂದರಬಾಯಿ ಅವನ ಅಂಗಿ ಹಿಡಿದು ಹಿಂದಕ್ಕೆ ಎಳೆದಳು.

“ಇಳೀಬ್ಯಾಡ! ನೀನೂ ಅಲ್ಲೇ ಉಳೀತಿ! ಎತ್ತು ಹೊಡಿಯೋ!”

ಎತ್ತುಗಳು ಎಳೆದ ಎಳೆತಕ್ಕೆ ಹಗೇವೇ ಬೇರು ಸಮೇತ ಕಿತ್ತು ಬರಬೇಕಿತ್ತು. ಮಹಾರುದ್ರಪ್ಪ ಮಾತ್ರ ಬಂದ, ಮುಖ ನೇರಳೆಹಣ್ಣಿನ ಬಣ್ಣ. ಆಕೆ ಅವನನ್ನು ಬಯಲಗಾಳಿಗೆ ಮಲಗಿಸಿ, ಅಂಗಿಯ ಗುಂಡಿ ಹರಿದು, ಮೊರದಿಂದ ಬೀಸಿದಳು, ಬೀಸಿದಳು. ಕೊನೆಗೆ ರೈಲಿನ ಎಂಜಿನ್ನಿನ ಹಾಗೆ ಒಂದು ಉಸಿರು ಒಳಗೆ ಹೋಯಿತು. ಕಣ್ಣು ತೆರೆದವು.

“ಡ್ರೈವರ ಏನಂದ್ರಿ?” ಸುಂದರಬಾಯಿ ಅವನ ಗಲ್ಲ ತಟ್ಟಿದಳು. “ಹೇಳ್ರಿ, ಡ್ರೈವರ ಏನಂದ?”

“ಏನೂ ಅನಲಿಲ್ಲ,” ಎಂದ ಮಹಾರುದ್ರಪ್ಪ, ಸಣ್ಣ ದನಿಯಲ್ಲಿ. “ಲಾರಿ ನಾ ನಿಲ್ಲಿಸಿಲ್ಲ. ಕಲ್ಲಿಗೆ ಬಡದು ತಾನೇ ನಿಂತಿತ್ತು.”

ಸುಂದರಬಾಯಿ ಎದೆ ಬಡಿದುಕೊಂಡಳು. “ಪಂಡರೀ, ಗಾಡಿ ಹೂಡು! ಜಲ್ದಿ ದವಾಖಾನಿಗೆ ನಡಿ! ಇವರಿಗೆ ಭಾಳ ಜೋರ ಆಗ್ಯದ, ಖರೇ ಮಾತಾಡಾಕತ್ತಾರ!”

ಬಸವಕಲ್ಯಾಣದ ಹಾದಿಯಲ್ಲಿ ಗಾಡಿ ಹಾರಿತು. ಚಕ್ರ ನೆಲ ಮುಟ್ಟಿದ್ದನ್ನು ಕಂಡವರಿಲ್ಲ. ಊರ ಅಗಸಿ ದಾಟಿದ್ದೇ ತಡ, ಮಹಾರುದ್ರಪ್ಪ ಹೆಂಡತಿಯ ತೊಡೆಯಿಂದ ತಲೆ ಎತ್ತಿದ.

“ಪಂಡರೀ, ಒಂದ ಲಾರಿ ಅಂದಿದ್ನೇನು? ಎರಡ ಇದ್ದವಪಾ.”

ಸುಂದರಬಾಯಿ ಸೆರಗಿನಿಂದ ಕಣ್ಣೊರೆಸಿಕೊಂಡಳು.

“ಇನ್ನ ಎತ್ತು ಸಾವಕಾಶ ಹೊಡಿಯಪಾ,” ಎಂದಳು.