ಧೂಮಸೇನನ ಮುಖ

ಇವತ್ತು ಅವನನ್ನು ಸಾಯಿಸಲೇಬೇಕು. ಚಿಕ್ಕಬಳ್ಳಾಪುರದಲ್ಲಿ ಬಸ್ಸಿಳಿಯುವಾಗ ಗಂಗುಲಪ್ಪನ ತಲೆಯಲ್ಲಿದ್ದುದು ಇದೊಂದೇ ಮಾತು. ೧೯೬೪ರ ಏಪ್ರಿಲ್ ಬಿಸಿಲು ನೆತ್ತಿ ಸುಡುತ್ತಿತ್ತು. ಆದರೂ ಅವನು ಉಣ್ಣೆಯ ಮಫ್ಲರನ್ನು ಮೂಗಿನವರೆಗೆ ಸುತ್ತಿಕೊಂಡಿದ್ದ.

ಶಾಲೆಯೊಂದರ ಸಭಾಂಗಣಕ್ಕೆ ಮಾವಿನ ತೋರಣ ಕಟ್ಟಿದ್ದರು. ‘ಮಿಣುಕು’ ಮಕ್ಕಳ ಮಾಸಪತ್ರಿಕೆಯ ಓದುಗರ ಸಮ್ಮೇಳನ. ಒಳಗೆ ಕಾಲಿಡಲು ಜಾಗವಿಲ್ಲದಷ್ಟು ಮಕ್ಕಳು. ಪತ್ರಿಕೆಯಲ್ಲಿ ತಿಂಗಳು ತಿಂಗಳು ಬರುತ್ತಿದ್ದ ಚಿತ್ರಕಥೆಯ ಮೊದಲ ಭಾಗ ಅಂದು ಪುಸ್ತಕವಾಗಿ ಹೊರಬಂದಿತ್ತು. ಕೊಂಡವರಿಗೆಲ್ಲ ಚಿತ್ರಕಾರ ಶ್ಯಾಮ ಖುದ್ದಾಗಿ ಹಸ್ತಾಕ್ಷರ ಹಾಕಿಕೊಡುತ್ತಾರೆಂದು ಸಾರಿದ್ದರು. ಶ್ಯಾಮನನ್ನು ಅದುವರೆಗೆ ಓದುಗರು ಕಂಡಿರಲಿಲ್ಲ. ಪತ್ರಿಕೆಯಲ್ಲಿ ಫೋಟೋ ಕೂಡ ಬಂದಿರಲಿಲ್ಲ.

ಗಂಗುಲಪ್ಪ ಪುಸ್ತಕ ಕೊಂಡು ಸಾಲಿನಲ್ಲಿ ನಿಂತ. ಮುಂದೆ ಮಗಳ ಕೈ ಹಿಡಿದು ನಿಂತಿದ್ದ ಹೆಂಗಸು ಮತ್ತೆ ಮತ್ತೆ ತಿರುಗಿ ನೋಡಿದಳು.

“ಏನಪ್ಪ, ಈ ಸೆಕೇಲಿ ಮುಖ ಮುಚ್ಕೊಂಡಿದೀಯ?”

“ಹಲ್ಲುನೋವು ಕಣಮ್ಮ.”

“ಮಕ್ಕಳನ್ನ ಕರ್ಕೊಂಡು ಬರಲಿಲ್ವಾ?”

“ಮದುವೇನೇ ಆಗಿಲ್ಲ.”

“ಮತ್ತೆ ಪುಸ್ತಕ ಯಾರಿಗೆ?”

ಅವನು ಮಫ್ಲರನ್ನು ಇನ್ನಷ್ಟು ಮೇಲಕ್ಕೆ ಎಳೆದುಕೊಂಡ. ಆಕೆ ಮಗಳನ್ನು ಹತ್ತಿರಕ್ಕೆ ಎಳೆದುಕೊಂಡಳು.

ಗಂಗುಲಪ್ಪ ತೊಂಡೇಬಾವಿಯ ಕಡೆಯವನು, ಮಿಡ್ಲ್ ಸ್ಕೂಲಿನಲ್ಲಿ ಮೇಷ್ಟ್ರು. ಮನೆಯಲ್ಲಿ ಹೊಲವಿತ್ತು, ಕೈಯಲ್ಲಿ ಸಂಬಳದ ಕೆಲಸವಿತ್ತು. ನೋಡಲು ಕೆಟ್ಟ ಮುಖವೇನೂ ಅಲ್ಲ. ಉದ್ದ ಮೂಗು, ಚೂಪು ಗದ್ದ, ಎಡಹುಬ್ಬನ್ನು ಸೀಳಿದ ಹಳೆಯ ಗಾಯದ ಗುರುತು. ಕೆಲವು ವರ್ಷಗಳ ಹಿಂದೆ ಅದೇ ಮೂಗು, ಅದೇ ಗದ್ದ, ಅದೇ ಗಾಯ ‘ಮಿಣುಕು’ ಪತ್ರಿಕೆಯಲ್ಲಿ ಕಾಣಿಸಿಕೊಂಡವು. ರಾಜಕುಮಾರಿಯರನ್ನು ಹೊತ್ತೊಯ್ಯುವ ರಾಕ್ಷಸ ಧೂಮಸೇನನ ಮುಖದಲ್ಲಿ.

ಅಲ್ಲಿಂದ ಅವನ ಬದುಕು ಅವನ ಕೈಯಲ್ಲಿ ಉಳಿಯಲಿಲ್ಲ. ಹಾಜರಿ ಕೂಗಲು ನಿಂತರೆ ಹಿಂದಿನ ಸಾಲಿನಿಂದ ‘ಹಹ್ಹಹ್ಹಾ’ ಎಂದು ರಾಕ್ಷಸನ ನಗು. ರೈಲ್ವೆ ಸ್ಟೇಷನ್ನಿನಲ್ಲಿ ಪುಟ್ಟ ಮಕ್ಕಳು ಅವನನ್ನು ಕಂಡು ತಾಯಿಯ ಸೆರಗಿನಲ್ಲಿ ಅವಿತುಕೊಳ್ಳುತ್ತಿದ್ದರು. ಹೆಡ್‌ಮೇಷ್ಟ್ರು ಕರೆದು, “ಒಂದು ಕ್ಲಾಸು ಹಿಡಿತದಲ್ಲಿ ಇಟ್ಕೊಳೋಕೆ ಆಗಲ್ವೇನ್ರೀ ನಿಮಗೆ?” ಎಂದಿದ್ದರು.

ಮದುವೆಯ ವಿಷಯ ಇನ್ನೂ ಕಷ್ಟ. ಒಂದು ಕಾಲದಲ್ಲಿ ಹೆಣ್ಣು ಕೊಡಲು ಬಂದವರಿಗೆ ಅವನೇ ಏನಾದರೊಂದು ಕೊಂಕು ತೆಗೆದು ಬೇಡ ಎಂದದ್ದಿತ್ತು. ಈಗ ಅವನು ಹೋಗಿ ಕೂತ ಮನೆಗಳಲ್ಲಿ ಹುಡುಗಿಯ ತಮ್ಮ ತಂಗಿಯರು ಬಾಗಿಲ ಮರೆಯಲ್ಲಿ ಕಿಸಕ್ಕೆಂದು ನಗುತ್ತಿದ್ದರು. ಕಾಫಿ ತಂದ ಹುಡುಗಿಯೂ ನಗು ತಡೆಯಲಾರದೆ ಒಳಗೆ ಓಡುತ್ತಿದ್ದಳು. ಸಂಬಂಧ ಅಲ್ಲಿಗೇ ನಿಲ್ಲುತ್ತಿತ್ತು. ತಾಯಿ ಅಕ್ಕಯ್ಯಮ್ಮ ಹರಕೆ ಹೊತ್ತು ಹೊತ್ತು ಸೋತಿದ್ದಳು. ಮುಂದಿನ ವಾರ ಶಿಡ್ಲಘಟ್ಟದಿಂದ ಹೆಣ್ಣಿನ ಕಡೆಯವರು ಬರುವವರಿದ್ದರು. ಇದೇ ಕೊನೆಯದು ಎಂದು ತಾಯಿ ಹೇಳಿಬಿಟ್ಟಿದ್ದಳು. ಆ ಮನೆಗೂ ‘ಮಿಣುಕು’ ಬರುತ್ತದೆಂದು ತಿಳಿದ ದಿನ ಗಂಗುಲಪ್ಪ ಮುದ್ದೆಯನ್ನು ತಟ್ಟೆಯಲ್ಲೇ ಬಿಟ್ಟೆದ್ದ.

ಯಾರೀ ಶ್ಯಾಮ? ಎಂದೋ ರೈಲಿನಲ್ಲಿ ಎದುರಿಗೆ ಕೂತು ತನ್ನನ್ನು ದಿಟ್ಟಿಸಿ ನೋಡಿದವನಿರಬೇಕು. ಸಿಕ್ಕಿದರೆ ಕೊರಳಪಟ್ಟಿ ಹಿಡಿದು, ನನ್ನ ಮುಖವನ್ನೇ ಯಾಕೆ ಬರೆದೆ ಎಂದು ಕೇಳಬೇಕು. ದಾರಿಯುದ್ದಕ್ಕೂ ಅದನ್ನೇ ಬಾಯಿಪಾಠ ಮಾಡಿಕೊಂಡು ಬಂದಿದ್ದ.

ಸಾಲು ಕರಗಿತು. ಮೇಜಿನ ಹಿಂದೆ ಕೂತಿದ್ದುದು ಗಂಡಸಲ್ಲ. ಕನ್ನಡಕ ಹಾಕಿದ, ಕಪ್ಪಗಿನ, ತೆಳ್ಳನೆಯ ಹೆಂಗಸು. ಬೆರಳುಗಳಿಗೆಲ್ಲ ಶಾಯಿ.

“ಶ್ಯಾಮ ಅನ್ನೋರು ಎಲ್ಲಿ?”

“ನಾನೇ. ಶ್ಯಾಮಲಮ್ಮ.” ಆಕೆ ತಲೆ ಎತ್ತದೆ ಪುಸ್ತಕ ಎಳೆದುಕೊಂಡಳು. “ಯಾರ ಹೆಸರಿಗೆ ಬರೀಲಿ?”

ಅವನು ಮಫ್ಲರ್ ಕಿತ್ತೆಸೆದ.

“ಅಮ್ಮೋ! ಧೂಮಸೇನ!”

ಸಾಲಿನಲ್ಲಿ ಮುಂದಿದ್ದ ಹೆಂಗಸಿನ ಪುಟ್ಟ ಮಗಳ ಕೂಗಿಗೆ ಸಭಾಂಗಣವೇ ತಿರುಗಿತು. ಸಾಲು ಮುರಿದು ಮಕ್ಕಳು ಅವನನ್ನು ಮುತ್ತಿಕೊಂಡರು. ಯಾರೋ ಅಂಗಿ ಜಗ್ಗಿದರು. ಆ ಹುಡುಗಿ ತನ್ನ ಪುಸ್ತಕವನ್ನು ಅವನ ಹೊಟ್ಟೆಗೆ ಒತ್ತಿ, “ಧೂಮಸೇನ ಮಾಮ, ನೀವೂ ಸಹಿ ಹಾಕಿ” ಎಂದಳು.

ಶ್ಯಾಮಲಮ್ಮ ಈಗ ತಲೆ ಎತ್ತಿದ್ದಳು. ಆಕೆಯ ಕಣ್ಣು ಅವನ ಎಡಹುಬ್ಬಿನ ಮೇಲೆ ನಿಂತಿತ್ತು.

ಬಾಯಿಪಾಠ ಮಾಡಿದ್ದುದೆಲ್ಲ ಗಂಗುಲಪ್ಪನಿಗೆ ಮರೆತುಹೋಯಿತು. ಕೈಗಳು ತಾವಾಗಿಯೇ ಜೋಡಿದವು.

“ತಾಯೀ, ಅವನನ್ನ ಸಾಯಿಸಿಬಿಡಿ. ಇಲ್ಲಾಂದ್ರೆ ಮುಖನಾದ್ರೂ ಬದಲಾಯಿಸಿ. ನಿಮ್ಮ ಕಾಲಿಗೆ ಬೀಳ್ತೀನಿ. ಊರಲ್ಲಿ ತಲೆ ಎತ್ತೋ ಹಾಗಿಲ್ಲ, ನನಗೆ ಯಾರೂ ಹೆಣ್ಣು ಕೊಡ್ತಿಲ್ಲ.”

ಅವನ ಗಲ್ಲದ ಮೇಲೆ ನೀರು ಇಳಿಯಿತು. ಮಕ್ಕಳು ಮೆಲ್ಲನೆ ಹಿಂದೆ ಸರಿದರು.

“ಕೂತ್ಕೊಳಿ ಮೇಷ್ಟ್ರೇ,” ಎಂದಳು ಶ್ಯಾಮಲಮ್ಮ. “ಮುಂದಿನ ತಿಂಗಳು ಅವನು ಸಾಯ್ತಾನೆ. ಚಿತ್ರ ಆಗಲೇ ಬರೆದು ಕೊಟ್ಟಾಯ್ತು. ನನಗೂ ಅವನು ಸಾಕಾಗಿದ್ದ.”

ಗಂಗುಲಪ್ಪ ಕುರ್ಚಿಯಲ್ಲಿ ಕುಸಿದ. ಅಂಗಿಯ ತೋಳಿನಿಂದ ಕಣ್ಣೊರೆಸಿಕೊಂಡ.

“ಬದುಕಿದೆ ತಾಯಿ. ಅದಿರಲಿ, ನನ್ನನ್ನ ಎಲ್ಲಿ ನೋಡಿದ್ರಿ? ರೈಲಲ್ಲಾ?”

“ಚಿಂತಾಮಣೀಲಿ. ನಮ್ಮನೆ ಪಡಸಾಲೇಲಿ. ನಿಮ್ಮಮ್ಮನೂ ಜೊತೇಲಿದ್ರು. ನಾನೇ ಉಪ್ಪಿಟ್ಟು ತಂದುಕೊಟ್ಟೆ.”

ಅವನು ಆಕೆಯ ಮುಖವನ್ನು ನೋಡಿದ. ಎಷ್ಟು ಹುಡುಕಿದರೂ ಗುರುತು ಸಿಗಲಿಲ್ಲ.

ಶ್ಯಾಮಲಮ್ಮ ಹಸ್ತಾಕ್ಷರ ಹಾಕಿ, ಶಾಯಿ ಆರಲೆಂದು ಊದಿ, ಪುಸ್ತಕವನ್ನು ಅವನ ಕೈಗಿಟ್ಟಳು.

“ನೀವು ಎದ್ದು ಹೋದ ಮೇಲೆ ನಾನು ಈ ಮುಖ ಬರೆದಿದ್ದು ರಾಜಕುಮಾರನಿಗೆ ಅಂತ. ‘ಹುಡುಗಿ ಕಪ್ಪು, ಬೇಡ’ ಅಂತ ನೀವು ಹೇಳಿಕಳಿಸಿದ ಮೇಲೇನೇ ಅವನು ರಾಕ್ಷಸ ಆಗಿದ್ದು.”